ಸ್ಪ್ಯಾನಿಷ್ ಕಲಿಯಲು ಯಾವ ಊರು?

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನಲ್ಲಿ ಈಗ ಸ್ಪ್ಯಾನಿಷ್ ಕಲಿಯುವವರಿಗೆ ಕೊರತೆಯಿಲ್ಲ. ಕೆಲವರಿಗೆ ಕಂಪನಿ ಕೆಲಸಕ್ಕೆ ಬೇಕು, ಕೆಲವರಿಗೆ ಫುಟ್‌ಬಾಲ್ ಹುಚ್ಚು, ಇನ್ನು ಕೆಲವರಿಗೆ ಬರೀ ಆಸೆ. ಒಂದೆರಡು ಹಂತ ಮುಗಿಸಿದ ಮೇಲೂ ಇವರಲ್ಲಿ ಬಹಳ ಮಂದಿಯ ಪಾಡು ಒಂದೇ. ಕ್ರಿಯಾಪದಗಳ ಪಟ್ಟಿ ಬಾಯಿಪಾಠ, ಮಾತು ಮಾತ್ರ ಹೊರಡದು. ಆಗ ಯಾರೋ ಹೇಳುತ್ತಾರೆ, ಆ ಭಾಷೆ ಆಡುವ ಊರಿಗೇ ಹೋಗಿ ನಾಲ್ಕು ವಾರ ಇದ್ದು ಬಾ ಅಂತ. ಸರಿ, ಯಾವ ಊರು? ಮೊಬೈಲಿನಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದರಲ್ಲಿ ಒಂದು, ಹಳದಿ ಬಣ್ಣದ ಕಮಾನು, ಅದರ ಹಿಂದೆ ನೀಲಿ ಜ್ವಾಲಾಮುಖಿ. ಅದು ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಆಂತೀಗ್ವಾ.

ಆ ಊರನ್ನೇ ಆರಿಸಿಕೊಳ್ಳಿ ಎಂದೇ ನಾನೂ ಹೇಳುವವನು. ಆದರೆ ಆ ಫೋಟೋ ನೋಡಿ ಅಲ್ಲ.

ಆಂತೀಗ್ವಾ ಒಂದು ಕಾಲದ ರಾಜಧಾನಿ. ಅದಕ್ಕೂ ಹಿಂದಿನ ರಾಜಧಾನಿ ಅಲ್ಲೇ ಪಕ್ಕದಲ್ಲಿತ್ತು. 1541ರಲ್ಲಿ ಆಗ್ವಾ ಬೆಟ್ಟದಿಂದ ಇಳಿದ ಕೆಸರಿನ ಪ್ರವಾಹ ಅದನ್ನು ಮುಳುಗಿಸಿತು. 1543ರಲ್ಲಿ ಸ್ಪೇನಿನವರು ಈ ಕಣಿವೆಗೆ ಬಂದು ಹೊಸ ನಗರ ಕಟ್ಟಿದರು. ಇಂದಿನ ಮೆಕ್ಸಿಕೋದ ಚಿಯಾಪಾಸ್‌ನಿಂದ ಕೋಸ್ಟರಿಕಾದವರೆಗಿನ ನಾಡನ್ನು ಇನ್ನೂರಕ್ಕೂ ಹೆಚ್ಚು ವರ್ಷ ಇಲ್ಲಿಂದಲೇ ಆಳಿದರು. ಮಠಗಳು, ಚರ್ಚುಗಳು, 1676ರಲ್ಲಿ ಒಂದು ವಿಶ್ವವಿದ್ಯಾಲಯ, ಎಲ್ಲವೂ ಎದ್ದವು. ಭೂಮಿ ಆಗಾಗ ನಡುಗುತ್ತಿತ್ತು, ಜನ ಮತ್ತೆ ಕಟ್ಟುತ್ತಿದ್ದರು. ಗೋಡೆಗಳನ್ನು ದಪ್ಪ ಮಾಡಿದರು, ಗೋಪುರಗಳನ್ನು ಗಿಡ್ಡ ಮಾಡಿದರು. 1773ರ ಜುಲೈ 29ರ ಭೂಕಂಪದ ನಂತರ ಮಾತ್ರ ಸರ್ಕಾರಕ್ಕೆ ಸಾಕಾಯಿತು. 1776ರಲ್ಲಿ ರಾಜಧಾನಿ ಈಗಿನ ಗ್ವಾಟೆಮಾಲಾ ಸಿಟಿಗೆ ಹೋಯಿತು. ಊರು ಬಿಡಿ ಎಂದರೂ ಬಿಡದ ಕೆಲವರು ಉಳಿದುಕೊಂಡರು.

ಭಾಷೆ ಕಲಿಯುವವರಿಗೆ ಈ ಇತಿಹಾಸ ಏಕೆ ಬೇಕು? ರಾಜಧಾನಿ ಹೋದದ್ದರಿಂದಲೇ ಊರು ದೊಡ್ಡದಾಗಿ ಬೆಳೆಯಲಿಲ್ಲ, ಹಳೆಯ ನಕ್ಷೆ ಹಾಗೆಯೇ ಉಳಿಯಿತು. 1979ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದೂ ಅದಕ್ಕೇ. ನಡುವೆ ಒಂದು ಚೌಕ, ಅದರ ಸುತ್ತ ಚೌಕುಳಿ ಬೀದಿಗಳು. ಉತ್ತರ ದಕ್ಷಿಣಕ್ಕೆ ಹೋಗುವುದು ಅವೆನಿದಾ, ಪೂರ್ವ ಪಶ್ಚಿಮಕ್ಕೆ ಹೋಗುವುದು ಕಾಯೆ, ಎಲ್ಲಕ್ಕೂ ನಂಬರು. ಕಲ್ಲು ಹಾಸಿದ ಬೀದಿಯಲ್ಲಿ ನಿಂತು ಯಾರನ್ನಾದರೂ ದಾರಿ ಕೇಳಿ. ಉತ್ತರದಲ್ಲಿ ಬರುವುದು ಎಡ, ಬಲ, ಮೂರನೆಯದು, ಐದನೆಯದು, ಮೂಲೆಯಲ್ಲಿ, ಇಷ್ಟೇ. ಒಂದು ತಿಂಗಳು ಕಲಿತವರಿಗೂ ಅರ್ಥವಾಗುತ್ತದೆ. ನಾವು ಕೇಳಿದ್ದಕ್ಕೆ ಉತ್ತರ ಬಂತು, ಬಂದ ಉತ್ತರ ನಮಗೆ ತಿಳಿಯಿತು ಎನ್ನುವ ಆ ಧೈರ್ಯವನ್ನು ಮೆಕ್ಸಿಕೋ ಸಿಟಿಯಂಥ ಮಹಾನಗರ ಮೊದಲ ವಾರದಲ್ಲೇ ಕೊಡುವುದು ಕಷ್ಟ.

ಇನ್ನು ಪಾಠ. ಇಲ್ಲಿಯ ಪದ್ಧತಿ ಒಬ್ಬ ವಿದ್ಯಾರ್ಥಿಗೆ ಒಬ್ಬ ಶಿಕ್ಷಕ. 1969ರಲ್ಲಿ ಶುರುವಾದ ಪ್ರೊಯೆಕ್ತೊ ಲಿಂಗ್ವಿಸ್ತಿಕೊ ಫ್ರಾನ್ಸಿಸ್ಕೊ ಮರೊಕಿನ್ ಎಂಬ ಸಂಸ್ಥೆ ಈ ದಾರಿಯಲ್ಲಿ ಹಳೆಯದು. ಆಮೇಲೆ ಊರ ತುಂಬ ಶಾಲೆಗಳಾದವು. ಬೆಳಿಗ್ಗೆ ಎಂಟರಿಂದ ಹನ್ನೆರಡು, ಅಂಗಳದಲ್ಲಿ ಒಂದು ಸಣ್ಣ ಮೇಜು, ಎದುರು ಬದುರು ಎರಡು ಕುರ್ಚಿ. ಗುಂಪಿನಲ್ಲಾದರೆ ಹಿಂದಿನ ಬೆಂಚಿನಲ್ಲಿ ಅಡಗಿ ಕೂರಬಹುದು, ಇಲ್ಲಿ ಅಡಗಲು ಜಾಗವೇ ಇಲ್ಲ. ಎರಡು ಗಂಟೆ ಕಳೆಯುವಷ್ಟರಲ್ಲಿ ತಲೆ ಕಾಯುತ್ತದೆ. ಒಳ್ಳೆಯ ಶಿಕ್ಷಕಿ ಆಗ ಪುಸ್ತಕ ಮುಚ್ಚಿ ಮಾರುಕಟ್ಟೆಗೆ ಕರೆದೊಯ್ಯುತ್ತಾಳೆ.

ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ. ಸ್ಪ್ಯಾನಿಷ್‌ನ ತಕಾರ ನಮ್ಮದೇ ತಕಾರ, ಹಲ್ಲಿಗೆ ನಾಲಿಗೆ ತಾಗಿಸುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಸ್ವರಗಳು ಐದೇ. ‘ಬರ್ತೀನಿ’ ಎಂದರೆ ‘ನಾನು’ ಎನ್ನಬೇಕಿಲ್ಲ, ಅಲ್ಲೂ ಹಾಗೆಯೇ. ನನಗೆ ಕಾಫಿ ಇಷ್ಟ ಎನ್ನುವಾಗ ಸ್ಪ್ಯಾನಿಷ್‌ನಲ್ಲೂ ‘ನಾನು’ ಬಾರದೆ ‘ನನಗೆ’ ಏಕೆ ಬರುತ್ತದೆ ಎಂದು ಅಮೆರಿಕದ ವಿದ್ಯಾರ್ಥಿಗಳು ವಾರಗಟ್ಟಲೆ ತಲೆ ಕೆರೆದುಕೊಳ್ಳುವ ಕಡೆ ನಾವು ಸಲೀಸಾಗಿ ದಾಟಿಬಿಡುತ್ತೇವೆ. ಹಿರಿಯರಿಗೆ ಬಹುವಚನದ ಗೌರವ ಕೊಟ್ಟು ಅಭ್ಯಾಸವಿರುವುದರಿಂದ ನಮ್ಮ ಗೌರವದ ‘ನೀವು’ ಥರದ ‘ಉಸ್ತೆದ್’ ಕೂಡ ಕಷ್ಟವಲ್ಲ. ಗ್ವಾಟೆಮಾಲಾದಲ್ಲಿ ಅದು ಬಹಳ ಬಳಕೆಯಲ್ಲಿದೆ. ಗೆಳೆಯರ ನಡುವೆ ‘ನೀನು’ ಎನ್ನಲು ‘ವೊಸ್’ ಎನ್ನುತ್ತಾರೆ. ಬೆಂಗಳೂರಿನ ಪಠ್ಯಪುಸ್ತಕದಲ್ಲಿ ಅದು ಇರಲಿಕ್ಕಿಲ್ಲ, ಅಲ್ಲೇ ಕಿವಿಗೆ ಬೀಳಲಿ.

ಚಂದದ ಹಳೆಯ ಊರುಗಳು ಬೇರೆಯೂ ಇವೆ. ಕೊಲಂಬಿಯಾದ ಕಾರ್ತಹೇನಾಕ್ಕೆ ಕೋಟೆಯಿದೆ, ಸಮುದ್ರವಿದೆ. ಆದರೆ ಕೆರಿಬಿಯನ್ ಕರಾವಳಿಯವರು ಪದದ ಕೊನೆಯ ಸಕಾರ ನುಂಗಿ ಸರಸರನೆ ಮಾತಾಡುತ್ತಾರೆ. ಹೊಸಬರಿಗೆ ಅದು ಮಳೆ ಸದ್ದಿನಲ್ಲಿ ಯಾರೋ ಕರೆದಂತೆ. ಪೆರುವಿನ ಕುಸ್ಕೊ ಅದ್ಭುತ, ಆದರೆ 3,400 ಮೀಟರ್ ಎತ್ತರದಲ್ಲಿದೆ. ಮೊದಲ ದಿನಗಳು ತಲೆನೋವಿಗೇ ಹೋದಾವು. ಬೊಲಿವಿಯಾದ ಸುಕ್ರೆ ನನಗೆ ಬಹಳ ಇಷ್ಟ. ಬಿಳಿ ಗೋಡೆಗಳ ಊರು, 1624ರ ವಿಶ್ವವಿದ್ಯಾಲಯ, ನಿಧಾನವಾದ ಬಿಡಿ ಬಿಡಿ ಮಾತು. ದೂರ ಮಾತ್ರ ಇನ್ನೂ ಹೆಚ್ಚು. ಆಂತೀಗ್ವಾ ಸುಮಾರು 1,500 ಮೀಟರ್ ಎತ್ತರದಲ್ಲಿದೆ, ಉಸಿರಿಗೆ ತೊಂದರೆಯಿಲ್ಲ, ಉಚ್ಚಾರಣೆಯೂ ಸ್ಪಷ್ಟ.

ಈಗ ಆ ಊರಿನ ದೊಡ್ಡ ದೋಷ ಹೇಳಬೇಕು. ಚಂದದ ಊರಾದ್ದರಿಂದಲೇ ಅಲ್ಲಿಗೆ ಪ್ರವಾಸಿಗರು ಮುಗಿಬೀಳುತ್ತಾರೆ. ಕಾಫಿ ಅಂಗಡಿಯಲ್ಲಿ ನೀವು ಕಷ್ಟಪಟ್ಟು ಒಂದು ವಾಕ್ಯ ಜೋಡಿಸುವಷ್ಟರಲ್ಲಿ ಹುಡುಗ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿರುತ್ತಾನೆ. ಆದ್ದರಿಂದ ಶಾಲೆಗಿಂತ ಹೆಚ್ಚಾಗಿ ವಿಚಾರಿಸಬೇಕಾದದ್ದು ಇಳಿದುಕೊಳ್ಳುವ ಮನೆಯ ಬಗ್ಗೆ. ಸ್ಥಳೀಯ ಕುಟುಂಬದ ಜೊತೆ ಊಟ ವಸತಿಯನ್ನು ಶಾಲೆಗಳೇ ಮಾಡಿಕೊಡುತ್ತವೆ. ಆ ಮನೆಯಲ್ಲಿ ಇನ್ನೆಷ್ಟು ಮಂದಿ ವಿದೇಶಿ ವಿದ್ಯಾರ್ಥಿಗಳಿದ್ದಾರೆ, ಮನೆಯವರು ಜೊತೆಯಲ್ಲಿ ಕೂತು ಉಣ್ಣುತ್ತಾರೆಯೇ, ಎಂದು ಮೊದಲೇ ಕೇಳಿ. ಊಟದ ಮೇಜಿನ ಸುತ್ತ ಐದು ಜನ ಪರದೇಶದವರೇ ಕೂತರೆ ರಾತ್ರಿಯಿಡೀ ಇಂಗ್ಲಿಷೇ ನಡೆಯುತ್ತದೆ. ಕೊಟ್ಟ ದುಡ್ಡಿನಲ್ಲಿ ಶಿಕ್ಷಕರಿಗೆ ಎಷ್ಟು ಸೇರುತ್ತದೆ ಎಂದು ಕೇಳುವುದರಲ್ಲೂ ಸಂಕೋಚ ಬೇಡ.

ಸಸ್ಯಾಹಾರಿಗಳಿಗೆ ಒಂದು ಮಾತು. ಮಾಂಸಕ್ಕೆ ಸ್ಪ್ಯಾನಿಷ್‌ನಲ್ಲಿ ಕಾರ್ನೆ. ‘ಕಾರ್ನೆ ತಿನ್ನುವುದಿಲ್ಲ’ ಎಂದಷ್ಟೇ ಹೇಳಿದರೆ ತಟ್ಟೆಗೆ ಕೋಳಿ ಬರಬಹುದು, ಅಲ್ಲಿ ಬಹಳ ಜನರ ಮನಸ್ಸಿನಲ್ಲಿ ಕಾರ್ನೆ ಎಂದರೆ ದನದ ಮಾಂಸ. ಕೋಳಿ ಬೇಡ, ಮೀನು ಬೇಡ, ಹಂದಿ ಕೊಬ್ಬಿನಲ್ಲಿ ಹುರಿದದ್ದು ಬೇಡ ಎಂದು ಒಂದೊಂದಾಗಿ ಹೇಳಬೇಕು. ಹಾಗೆ ಹೇಳಿಬಿಟ್ಟರೆ ಕಪ್ಪು ಹುರುಳಿಕಾಯಿ ಕಾಳಿನ ಫ್ರಿಹೊಲೆಸ್, ಮೆಕ್ಕೆಜೋಳದ ಬಿಸಿ ರೊಟ್ಟಿ ತೋರ್ತಿಯಾ, ಕರಿದ ಬಾಳೆಹಣ್ಣು, ಅವಕಾಡೊ. ಉಪವಾಸವಂತೂ ಇಲ್ಲ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಅರೆದು ಕೈಯಲ್ಲಿ ತಟ್ಟುವ ಹೆಂಗಸರ ಪಕ್ಕ ಹತ್ತು ನಿಮಿಷ ನಿಂತರೆ ಅಡುಗೆಮನೆಯ ಅರ್ಧ ಪದಕೋಶ ಬರುತ್ತದೆ.

ಆ ಹೆಂಗಸರು ತಮ್ಮತಮ್ಮಲ್ಲಿ ಆಡುವ ಮಾತು ನಿಮಗೆ ಒಂದಿಷ್ಟೂ ತಿಳಿಯದಿದ್ದರೆ ನಿಮ್ಮ ಸ್ಪ್ಯಾನಿಷ್ ಕೆಟ್ಟಿತೆಂದು ತಿಳಿಯಬೇಡಿ. ಅದು ಕಕ್ಚಿಕೆಲ್, ಮಾಯಾ ಭಾಷೆ. ಗ್ವಾಟೆಮಾಲಾದಲ್ಲಿ ಇಪ್ಪತ್ತೆರಡು ಮಾಯಾ ಭಾಷೆಗಳಿವೆ. ನಾವು ದುಡ್ಡು ಕೊಟ್ಟು ಕಲಿಯಲು ಹೋಗುವ ಸ್ಪ್ಯಾನಿಷನ್ನು ಅವರ ಹಿರಿಯರು ದಂಡಿನ ಬಲಕ್ಕೆ ಮಣಿದು ಕಲಿತರು. ನಾವು ಬಾಯಿ ತೆರೆದು ನೋಡುವ ಆ ಮಠಗಳಿಗೆ ಕಲ್ಲು ಹೊತ್ತವರೂ ಅವರೇ. ಮಧ್ಯಾಹ್ನದ ಹೊತ್ತು ಬಸ್ಸು ಹತ್ತಿ ಸುತ್ತಲ ಹಳ್ಳಿಗಳಿಗೆ ಹೋಗಿ. ಅಲ್ಲಿ ಅನೇಕರಿಗೆ ಸ್ಪ್ಯಾನಿಷ್ ನಮ್ಮಂತೆಯೇ ಎರಡನೆಯ ಭಾಷೆ. ತಪ್ಪು ಮಾತಾಡಿದರೆ ನಗುವವರು ಕಡಿಮೆ.

ಎರಡು ಮೂರು ವಾರ ಕಳೆದು ಬಾಯಿ ಸಡಿಲವಾದ ಮೇಲೆ ಆಂತೀಗ್ವಾ ಬಿಡುವುದು ಲೇಸು. ಪಶ್ಚಿಮದ ಬೆಟ್ಟಗಳಲ್ಲಿ ಕೆತ್ಸಾಲ್ತೆನಾಂಗೊ ಇದೆ, ಜನ ಶೇಲಾ ಎನ್ನುತ್ತಾರೆ. 2,300 ಮೀಟರ್ ಎತ್ತರ, ಕೊರೆಯುವ ಚಳಿ, ಫೋಟೋಕ್ಕೆ ಅಷ್ಟೇನೂ ಇಲ್ಲ. ಪ್ರವಾಸಿಗರೂ ಕಡಿಮೆ. ಅಲ್ಲಿಯೂ ಇದೇ ಬಗೆಯ ಶಾಲೆಗಳಿವೆ, ಅಂಗಡಿಯವನು ಮಾತ್ರ ಇಂಗ್ಲಿಷಿಗೆ ಹೊರಳುವುದಿಲ್ಲ.

ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಮಳೆ ಹೆಚ್ಚಾಗಿ ಮಧ್ಯಾಹ್ನದ ನಂತರ, ಬೆಳಗಿನ ಪಾಠಕ್ಕೆ ಅಡ್ಡಿಯಿಲ್ಲ. ಈಸ್ಟರ್‌ಗೆ ಮುಂಚಿನ ವಾರ ಬೀದಿಗಳಲ್ಲಿ ಬಣ್ಣದ ಮರದ ಪುಡಿಯಿಂದ ರಂಗೋಲಿಯಂಥ ಜಮಖಾನ ಹಾಸುತ್ತಾರೆ, ಮೆರವಣಿಗೆ ಅದರ ಮೇಲೆಯೇ ಹಾದುಹೋಗುತ್ತದೆ. ನೋಡಲು ಹೋಗಿ, ಓದಲು ಬೇಡ. ಆ ವಾರ ಕೋಣೆ ಸಿಗುವುದೇ ಕಷ್ಟ. ಹತ್ತಿರದ ಫ್ವೇಗೊ ಜ್ವಾಲಾಮುಖಿ ಇಂದಿಗೂ ಉಗುಳುತ್ತಿರುವಂಥದು, 2018ರ ಜೂನ್‌ನಲ್ಲಿ ಅದರ ತಪ್ಪಲಿನ ಹಳ್ಳಿಗಳು ಬೂದಿಯಲ್ಲಿ ಹೂತುಹೋದವು. ಚಾರಣಕ್ಕೆ ಹೋಗುವವರು ಆ ದಿನದ ಎಚ್ಚರಿಕೆ ಕೇಳಿಯೇ ಹೊರಡಿ.

ವೀಸಾ ವಿಷಯವನ್ನು ದೆಹಲಿಯ ರಾಯಭಾರ ಕಚೇರಿಯಲ್ಲೇ ವಿಚಾರಿಸಿಕೊಳ್ಳಿ. ಟಿಕೆಟ್ ಕೊಳ್ಳುವಾಗ ಮಾತ್ರ ಹುಷಾರು. ಆಂತೀಗ್ವಾದಲ್ಲಿ ವಿಮಾನ ನಿಲ್ದಾಣವಿಲ್ಲ, ಇಳಿಯಬೇಕಾದದ್ದು ಗ್ವಾಟೆಮಾಲಾ ಸಿಟಿಯಲ್ಲಿ. ಹುಡುಕುವಾಗ ಬರೀ ಆ ಹೆಸರು ಹಾಕಿದರೆ ಕಂಪ್ಯೂಟರ್ ತೋರಿಸುವುದು ವಿವಿಯನ್ ರಿಚರ್ಡ್ಸ್ ಹುಟ್ಟಿದ ಆಂಟಿಗಾ ದ್ವೀಪವನ್ನು. ಕ್ರಿಕೆಟ್ ಅಭಿಮಾನಿಗಳಿಗೆ ಅದು ಒಳ್ಳೆಯ ಊರೇ, ಆದರೆ ಅಲ್ಲಿ ಆಡುವುದು ಇಂಗ್ಲಿಷ್.

ನಮಸ್ಕಾರ.