ಗೆರೆ ದಾಟಿದ ಬಣ್ಣ

ಹಳೇ ವಸ್ತು ಮಾರೋರು ಸ್ಪೇನಿನ ಇಸ್ಪೀಟೆಲೆ ಮುಂದಿಟ್ಟು "ಕೈಯಿಂದ ಬಣ್ಣ ಹಚ್ಚಿದ್ದು ಸಾರ್" ಅಂದಾಗ ನನಗೆ ಒಂಚೂರು ಸಿಟ್ಟು ಬರುತ್ತೆ. ಸುಳ್ಳೇನಲ್ಲ. ಆದ್ರೆ ಕೇಳಿದವರ ಕಣ್ಣ ಮುಂದೆ ಏನು ಬರುತ್ತೆ? ಕನ್ನಡಕ ಹಾಕ್ಕೊಂಡ ಮುದುಕ, ಸಣ್ಣ ಕುಂಚ, ದಿನಕ್ಕೊಂದು ಎಲೆ.

ಅಂಥದ್ದು ಬೇಕಾದ್ರೆ ನಮ್ಮ ಮೈಸೂರಿನ ಗಂಜೀಫಾ ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದ ಎಲೆಗಳು, ಕುಂಚದಲ್ಲೇ ಬರೆದದ್ದು. ಸ್ಪೇನಿನ ಕಥೆ ಬೇರೆ. ಅಲ್ಲಿ ಮರದ ಅಚ್ಚಿನಿಂದ ಒಂದೇ ಹಾಳೆ ಮೇಲೆ ಎಷ್ಟೋ ಎಲೆಗಳ ಕಪ್ಪು ಗೆರೆ ಒತ್ತೋರು. ಆಮೇಲೆ ಕೊರೆದ ಹಾಳೆ ಇಟ್ಟು ಬಣ್ಣ ಬಳಿಯೋರು, ಕೆಂಪಿಗೊಂದು, ಹಳದಿಗೊಂದು, ನೀಲಿಗೊಂದು. ತೂತಿನ ತಗಡಿಟ್ಟು ರಂಗೋಲಿ ಪುಡಿ ಉದುರಿಸ್ತಾರಲ್ಲ, ಹೆಚ್ಚುಕಮ್ಮಿ ಅದೇ ಕೆಲಸ. ಹಾಳೆ ಒಂದು ಕೂದಲಷ್ಟು ಜರುಗಿದ್ರೂ ರಾಜನ ಕೆಂಪು ನಿಲುವಂಗಿ ಅವನ ಕೆನ್ನೆಗೆ ಹತ್ತುತ್ತೆ. ನಾಣ್ಯದ ಹಳದಿ ಪಕ್ಕಕ್ಕೆ ಸರಿದು, ಬಿಳೀ ಅಂಚು ಬಿದಿಗೆ ಚಂದ್ರನ ಹಾಗೆ ಉಳಿಯುತ್ತೆ.

ಅವಸರ ಇದ್ದೇ ಇತ್ತು. 1776ರಲ್ಲಿ ಮಾಲಗಾ ಹತ್ತಿರದ ಮಾಚಾರಾವಿಯಾಯಾ ಅನ್ನೋ ಸಣ್ಣ ಊರಲ್ಲಿ ಇಸ್ಪೀಟೆಲೆಗಂತಲೇ ರಾಜರ ಕಾರ್ಖಾನೆ ಶುರುವಾಯ್ತು, ಮಾಲು ಹೋಗ್ತಿದ್ದದ್ದು ಅಮೆರಿಕದಲ್ಲಿದ್ದ ಸ್ಪೇನಿನ ವಸಾಹತುಗಳಿಗೆ. ತಂದವನು ಹೊಸೆ ದೆ ಗಾಲ್ವೆಸ್, ರಾಜನ ಮಂತ್ರಿ. ಅದು ಅವನದೇ ಊರು. ಮಂತ್ರಿಗಳು ಸ್ವಂತ ಊರಿಗೆ ಕಾರ್ಖಾನೆ ತರೋದು ನಮಗೇನು ಹೊಸದಲ್ಲ ಬಿಡಿ.

ಹಾಗಾದ್ರೆ ಎಲ್ಲಾ ಅಡ್ಡಾದಿಡ್ಡಿ ಕೆಲಸವಾ? ಇಲ್ಲ. ನಾಲ್ಕು ಜಾತಿ: ನಾಣ್ಯ, ಬಟ್ಟಲು, ಕತ್ತಿ, ದೊಣ್ಣೆ. ರಾಣಿ ಇಲ್ಲ, ಗುಲಾಮನ ಮೇಲೆ ಕುದುರೆ ಸವಾರ, ಅವನ ಮೇಲೆ ರಾಜ. ಎಲೆ ಸುತ್ತ ಚೌಕಟ್ಟಿನ ಗೆರೆ ಇರುತ್ತೆ. ಮೇಲೂ ಕೆಳಗೂ ಅದು ಅಲ್ಲಲ್ಲಿ ಕಡಿದಿರೋದು ನೋಡಿ ನಾನು ಮೊದಲು ಅಚ್ಚು ಸವೆದಿದೆ ಅಂದ್ಕೊಂಡಿದ್ದೆ. ಅದು ಬೇಕಂತಲೇ ಮಾಡಿದ್ದು. ಗೆರೆ ಕಡಿಯದೇ ಇದ್ರೆ ನಾಣ್ಯ, ಒಂದು ಕಡೆ ಕಡಿದಿದ್ರೆ ಬಟ್ಟಲು, ಎರಡಾದ್ರೆ ಕತ್ತಿ, ಮೂರಾದ್ರೆ ದೊಣ್ಣೆ. ಪಿಂತಾ ಅಂತಾರೆ ಇದಕ್ಕೆ. ಕೈಯಲ್ಲಿರೋ ಎಲೆಗಳನ್ನ ಪೂರ್ತಿ ಬಿಚ್ಚೋದೇ ಬೇಡ, ಅಂಚು ಒಂಚೂರು ಜಾರಿಸಿದ್ರೆ ಸಾಕು. ಪಕ್ಕದವನು ಕತ್ತು ಎಷ್ಟೇ ಉದ್ದ ಮಾಡಲಿ, ಅವನಿಗೇನೂ ಸಿಗಲ್ಲ. ಬಣ್ಣ ಎಲ್ಲಿಗೆ ಹೋದ್ರೂ ಆಟ ನಡೆಯುತ್ತೆ ಸ್ವಾಮಿ, ಆ ಗೆರೆ ತಪ್ಪಿದ್ರೆ ಜಗಳ. ಅಚ್ಚು ಕೊರೆದವನಿಗೆ ಅದು ಗೊತ್ತಿತ್ತು.

ಅಂದಹಾಗೆ, ಆ ಕತ್ತಿಗೆ ಸ್ಪೇನಿನಲ್ಲಿ ಎಸ್ಪಾದಾ, ಇಟಲಿಯಲ್ಲಿ ಸ್ಪಾದಾ. ಇಂಗ್ಲಿಷಿನ ಸ್ಪೇಡ್ ಅದರ ಕೂಸು. ಯಾವ ದಾರಿ ಹಿಡಿದು ಬಂದಿದ್ರೂ ನಮ್ಮ ಇಸ್ಪೀಟು ಅದೇ ಮನೆತನದ್ದು. ಅರಳೀಕಟ್ಟೆ ಮೇಲೆ ಕೂತು ನಾವು ಕತ್ತಿ ಬೀಸ್ತಾ ಇದ್ದೀವಿ, ಗೊತ್ತಿಲ್ಲದೇ.

ಇನ್ನೊಂದು ತಮಾಷೆ. ಯುರೋಪಿನ ತೀರಾ ಹಳೇ ಎಲೆಗಳು ಎಷ್ಟೋ ಸಲ ಸಿಕ್ಕಿದ್ದು ಪುಸ್ತಕದ ರಟ್ಟಿನೊಳಗೆ. ರದ್ದಿ ಹಾಳೆ ಅಂತ ಅಂಟಿಸಿಬಿಟ್ಟಿದ್ರು. ಆಡಿದ ಎಲೆ ಸವೆದು ಹೋಯ್ತು, ಬೇಡ ಅಂತ ಬಿಸಾಕಿದ್ದು ಈಗ ಮ್ಯೂಸಿಯಂ ಗಾಜಿನೊಳಗೆ ಕೂತಿದೆ. ಅದಕ್ಕೇ ನಾನು ಅಂಗಡೀಲಿ ಹೊಸದರ ಹಾಗೆ ಹೊಳೆಯೋ ಎಲೆ ಮುಟ್ಟಲ್ಲ. ಮೂಲೆ ಮುರಿದು, ಹೆಬ್ಬೆರಳು ತಾಗಿ ತಾಗಿ ಕಪ್ಪಾಗಿರೋದನ್ನೇ ಎತ್ಕೋತೀನಿ. ಬೆಲೆನೂ ಕಮ್ಮಿ.