ಸೊಲ್ಲಾಪುರದ ಟವೆಲ್ ನಮ್ಮ ಹೆಸರಲ್ಲೇ ಹೊರಡಲಿ

ಕೇಳುಗರಿಗೆ ನಮಸ್ಕಾರ. ಅಕ್ಕಲಕೋಟ ರಸ್ತೆಯ ಕೈಗಾರಿಕಾ ಪ್ರದೇಶ ಎಂಐಡಿಸಿಯಲ್ಲಿ ಮಗ್ಗ ನಡೆಸುವ ಅಣ್ಣಂದಿರೇ, ಟವೆಲ್ ಅಂಚು ಹೊಲಿಯುವ ಅಕ್ಕಂದಿರೇ, ಇವತ್ತಿನ ಮಾತು ನಿಮ್ಮ ಜೊತೆ.

ಸೊಲ್ಲಾಪುರದ ಚಾದರಕ್ಕೂ ಟೆರ್ರಿ ಟವೆಲ್‌ಗೂ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಗುರುತು ಇದೆ. ನಮ್ಮ ಟವೆಲ್ ಹೊರದೇಶಕ್ಕೂ ಹೋಗುತ್ತದೆ. ಆದರೆ ಸಣ್ಣ ಮಗ್ಗದವರು ಮಾಲನ್ನು ದೊಡ್ಡ ವ್ಯಾಪಾರಿಗೆ ಕೊಟ್ಟು ಕೈ ತೊಳೆದುಕೊಂಡರೆ, ಅಲ್ಲಿ ಕೊಳ್ಳುವವನಿಗೆ ನೇಯ್ದವರು ಯಾರೆಂದೇ ಗೊತ್ತಾಗುವುದಿಲ್ಲ. ಇದು ಬದಲಾಗಬೇಕು.

ಬಾಗಿಲು ತೆರೆದಿದೆ. ಯುಎಇ ಜೊತೆಗಿನ ಭಾರತದ ವ್ಯಾಪಾರ ಒಪ್ಪಂದ 2022ರ ಮೇ 1ರಂದು ಜಾರಿಗೆ ಬಂತು, ಆಸ್ಟ್ರೇಲಿಯಾದ್ದು ಅದೇ ವರ್ಷ ಡಿಸೆಂಬರ್ 29ಕ್ಕೆ. ಎರಡೂ ಕಡೆ ನಮ್ಮ ಬಟ್ಟೆಗೆ ಸುಂಕ ಹೋಯಿತು. ಆದರೆ ಅದಕ್ಕೆ ಮಾಲು ಭಾರತದ್ದೇ ಎಂಬ ಮೂಲ ಪ್ರಮಾಣಪತ್ರ ಬೇಕು. ಅದಿಲ್ಲದಿದ್ದರೆ ಆ ರಿಯಾಯಿತಿ ಇಲ್ಲ.

ಯುರೋಪಿನ ಮಾತೇ ಬೇರೆ. ಅಲ್ಲಿ ಬೆಲೆಗಿಂತ ಬಣ್ಣ ಮುಖ್ಯ. ಬಟ್ಟೆಗೆ ಹಾಕುವ ಅಜೋ ಎಂಬ ಜಾತಿಯ ಕೆಲವು ಬಣ್ಣಗಳು ಒಡೆದು ಕ್ಯಾನ್ಸರ್ ತರಬಲ್ಲ ಅಮೈನ್ ಎಂಬ ರಾಸಾಯನಿಕಗಳಾಗುತ್ತವೆ. ಅಂಥ 22 ಅಮೈನ್‌ಗಳ ಪಟ್ಟಿ ಅಲ್ಲಿದೆ. ಒಂದು ಕಿಲೋ ಬಟ್ಟೆಯಲ್ಲಿ ಯಾವುದೇ ಒಂದು 30 ಮಿಲಿಗ್ರಾಂ ಮೀರಿದರೆ ಮಾಲು ಮಾರುವಂತಿಲ್ಲ. ಟವೆಲ್ ಮೈಗೆ ತಾಗುವ ಬಟ್ಟೆ, ಅಲ್ವಾ? ಹಾಗಾಗಿ ಬಣ್ಣ ಹಾಕುವವರಿಂದ ಯಾವ ಬಣ್ಣ ಎಂದು ಬರೆಸಿಕೊಳ್ಳಿ. ಲ್ಯಾಬ್ ವರದಿ ಇಲ್ಲದೆ ಸ್ಯಾಂಪಲ್ ಕಳಿಸಬೇಡಿ. ಖರ್ಚು ಜಾಸ್ತಿ ಅನಿಸಬಹುದು. ಕಂಟೇನರ್ ವಾಪಸ್ ಬಂದರೆ ಆಗುವ ನಷ್ಟದ ಮುಂದೆ ಅದು ಏನೂ ಅಲ್ಲ.

ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆಯ ಗ್ರಾಂ ತೂಕ, ಕೂಡ ಹಾಗೆಯೇ. 500 ಎಂದು ಒಪ್ಪಿದ ಮೇಲೆ ಕೊನೆಯ ಗಂಟಿನಲ್ಲೂ ಅದೇ ತೂಕ ಇರಬೇಕು. ಅಂಚಿನ ಹೊಲಿಗೆ ಒಗೆದಾಗ ಸುಕ್ಕುಗಟ್ಟಬಾರದು. ಇಲ್ಲಿ ಅಕ್ಕಂದಿರ ಕೈಚಳಕ ದೊಡ್ಡದು. ಅದಕ್ಕೆ ತಕ್ಕ ಕೂಲಿ ಕೊಡಿ ಎಂದು ಮಾಲೀಕರಲ್ಲಿ ನನ್ನ ವಿನಂತಿ.

ಕಾಗದಪತ್ರದ ಭಯ ಬೇಡ. ರಫ್ತಿಗೆ ಬೇಕಾದ ಐಇಸಿ ನಂಬರಿಗೆ ಆನ್‌ಲೈನ್‌ನಲ್ಲೇ ಅರ್ಜಿ, ಶುಲ್ಕ 500 ರೂಪಾಯಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರ ಖಚಿತಪಡಿಸಬೇಕು, ಮರೆತರೆ ನಂಬರ್ ನಿಂತುಹೋಗುತ್ತದೆ. ಜಿಎಸ್‌ಟಿಯಲ್ಲಿ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಕೊಟ್ಟರೆ ತೆರಿಗೆ ಕಟ್ಟದೆಯೇ ರಫ್ತು ಮಾಡಬಹುದು. ಸಣ್ಣ ಪಾರ್ಸೆಲ್ ಇದ್ದರೆ ಅಂಚೆ ಇಲಾಖೆಯ ರಫ್ತು ಕೇಂದ್ರವಾದ ಡಾಕ್ ಘರ್ ನಿರ್ಯಾತ್ ಕೇಂದ್ರದಲ್ಲಿ ವಿಚಾರಿಸಿ.

ಇನ್ನು ಹಣದ ವಿಷಯ. ಹೊಸ ಗಿರಾಕಿಗೆ ಸುಮ್ನೆ ಉದ್ದರಿ ಕೊಡಬೇಡಿ. ಕೊಡಲೇಬೇಕಾದರೆ, ಗಿರಾಕಿ ಹಣ ಕೊಡದಿದ್ದರೆ ನೆರವಾಗುವ ಸರ್ಕಾರಿ ಸಂಸ್ಥೆ ಇಸಿಜಿಸಿಯ ವಿಮೆಯ ಬಗ್ಗೆ ಮಾಲು ಹೊರಡುವ ಮೊದಲೇ ನಿಮ್ಮ ಬ್ಯಾಂಕಿನಲ್ಲಿ ಕೇಳಿ. ನಮಸ್ಕಾರ.