ಮನೋವೈದ್ಯರ ಓಪಿಡಿಗೆ ಹೋಗಲಾರದ ವಿದ್ಯಾರ್ಥಿ

ಕೇಳುಗರಿಗೆ ನಮಸ್ಕಾರ.

ವೈದ್ಯಕೀಯ ಕಾಲೇಜಿನ ಹಾಸ್ಟೆಲ್ಲಿನಿಂದ ಅದೇ ಆವರಣದ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಸಾಮಾನ್ಯವಾಗಿ ಹತ್ತು ನಿಮಿಷದ ದಾರಿ. ಹಳ್ಳಿಯಲ್ಲಿ ಯಾರಿಗಾದರೂ ಮನಸ್ಸು ಕುಗ್ಗಿ ಹೋದರೆ ಅವರು ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು, ಎಷ್ಟೋ ಸಲ ಜಿಲ್ಲಾಸ್ಪತ್ರೆಯವರೆಗೆ ಬರಬೇಕಾಗುತ್ತದೆ. ಈ ವಿದ್ಯಾರ್ಥಿಗೆ ಆ ಕಷ್ಟವಿಲ್ಲ. ತಜ್ಞರು ಪಕ್ಕದಲ್ಲೇ ಇದ್ದಾರೆ, ಔಷಧಿ ಪಕ್ಕದಲ್ಲೇ ಸಿಗುತ್ತದೆ, ಕಾಯಿಲೆಯ ಲಕ್ಷಣಗಳೆಲ್ಲ ಅವನ ಪಠ್ಯಪುಸ್ತಕದಲ್ಲೇ ಅಚ್ಚಾಗಿವೆ. ಆದರೂ ಅವನು ಹೋಗುವುದಿಲ್ಲ. ಅವಳೂ ಹೋಗುವುದಿಲ್ಲ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಬಹಳ ವರ್ಷ ಪಾಠ ಹೇಳಿದ ನನ್ನನ್ನು ಈ ಪ್ರಶ್ನೆ ಇನ್ನೂ ಬಿಟ್ಟಿಲ್ಲ: ಇಷ್ಟು ಹತ್ತಿರದಲ್ಲಿರುವ ಬಾಗಿಲನ್ನು ಇವರು ಯಾಕೆ ತಟ್ಟುವುದಿಲ್ಲ?

ಇದು ಒಬ್ಬಿಬ್ಬರ ಕಥೆಯಲ್ಲ. 2016ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ನಿಯತಕಾಲಿಕೆಯಲ್ಲಿ ಒಂದು ದೊಡ್ಡ ವಿಶ್ಲೇಷಣೆ ಪ್ರಕಟವಾಯಿತು. ಹಲವಾರು ದೇಶಗಳ ಒಂದು ಲಕ್ಷಕ್ಕೂ ಹೆಚ್ಚು ವೈದ್ಯಕೀಯ ವಿದ್ಯಾರ್ಥಿಗಳ ಮಾಹಿತಿ ಅದರಲ್ಲಿತ್ತು. ನೂರರಲ್ಲಿ ಸುಮಾರು 27 ಮಂದಿಗೆ ಖಿನ್ನತೆ ಅಥವಾ ಅದರ ಲಕ್ಷಣಗಳಿದ್ದವು. ಅದಕ್ಕಿಂತಲೂ ನನ್ನ ಮನಸ್ಸಿನಲ್ಲಿ ಉಳಿದಿರುವ ಅಂಕಿ ಬೇರೆ. ಹಾಗೆ ಲಕ್ಷಣಗಳಿದ್ದವರಲ್ಲಿ ಚಿಕಿತ್ಸೆಗೆ ಹೋದವರು ನೂರಕ್ಕೆ ಸುಮಾರು 16 ಮಂದಿ ಮಾತ್ರ. ಉಳಿದವರೆಲ್ಲ ಎಲ್ಲಿದ್ದರು? ತರಗತಿಯ ಬೆಂಚಿನ ಮೇಲೆ, ಡಿಸೆಕ್ಷನ್ ಹಾಲಿನಲ್ಲಿ, ವಾರ್ಡಿನ ರೌಂಡ್ಸ್‌ನಲ್ಲಿ ನಮ್ಮ ಎದುರಿಗೇ ನಿಂತಿದ್ದರು.

ನಮ್ಮ ದೇಶದ ಮಾತಿಗೆ ಬಂದರೆ, ರಾಷ್ಟ್ರೀಯ ವೈದ್ಯಕೀಯ ಆಯೋಗವು ನಿಮ್ಹಾನ್ಸ್‌ನ ಡಾ. ಸುರೇಶ್ ಬಾಡಾ ಮಠ ಅವರ ಅಧ್ಯಕ್ಷತೆಯಲ್ಲಿ ಒಂದು ಕಾರ್ಯಪಡೆಯನ್ನು ರಚಿಸಿತ್ತು. ಅದರ ವರದಿ 2024ರಲ್ಲಿ ಹೊರಬಂತು. ಅವರು ಆನ್‌ಲೈನ್‌ನಲ್ಲಿ ಕೇಳಿದ ಪ್ರಶ್ನೆಗಳಿಗೆ 25 ಸಾವಿರಕ್ಕೂ ಹೆಚ್ಚು ಎಂಬಿಬಿಎಸ್ ವಿದ್ಯಾರ್ಥಿಗಳು, 5 ಸಾವಿರಕ್ಕೂ ಹೆಚ್ಚು ಸ್ನಾತಕೋತ್ತರ ವಿದ್ಯಾರ್ಥಿಗಳು ಉತ್ತರ ಕೊಟ್ಟರು. ಎಂಬಿಬಿಎಸ್‌ನವರಲ್ಲಿ ನೂರಕ್ಕೆ ಸುಮಾರು 28 ಮಂದಿ ತಮಗೆ ಮಾನಸಿಕ ಸಮಸ್ಯೆ ಇದೆ ಎಂದು ತಾವೇ ತಿಳಿಸಿದರು. ಜೀವ ಕಳೆದುಕೊಳ್ಳುವ ಯೋಚನೆ ಬಂದಿತ್ತು ಎಂದವರು ಎಂಬಿಬಿಎಸ್‌ನಲ್ಲಿ ನೂರಕ್ಕೆ ಸುಮಾರು 16, ಸ್ನಾತಕೋತ್ತರದಲ್ಲಿ 31. ಇದು ತಾವಾಗಿ ಮುಂದೆ ಬಂದವರ ಉತ್ತರ. ಕಷ್ಟದಲ್ಲಿರುವವರೇ ಹೆಚ್ಚಾಗಿ ಉತ್ತರಿಸಿರಬಹುದು, ಹಾಗಾಗಿ ಪ್ರತಿ ಕಾಲೇಜಿಗೂ ಇದೇ ಲೆಕ್ಕವನ್ನು ಅನ್ವಯಿಸಲಾಗದು. ಹಾಗಿದ್ದರೂ ಅಷ್ಟು ಸಾವಿರ ಮಕ್ಕಳು ಕೂತು ಅದನ್ನು ಬರೆದಿದ್ದಾರಲ್ಲ, ಅದನ್ನು ಓದಿ ಪಕ್ಕಕ್ಕಿಡಲು ನನ್ನಿಂದಾಗದು.

ಈಗ ಆ ಬಾಗಿಲಿನ ವಿಷಯ. ದ್ವಿತೀಯ ವರ್ಷದ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ಎರಡು ತಿಂಗಳಿಂದ ನಿದ್ದೆ ಸರಿಯಿಲ್ಲ, ಪುಸ್ತಕ ತೆರೆದರೆ ಒಂದು ಸಾಲೂ ತಲೆಗೆ ಹತ್ತುತ್ತಿಲ್ಲ. ತನಗೆ ಸಹಾಯ ಬೇಕು ಎಂದು ಅವಳಿಗೇ ಗೊತ್ತಿದೆ. ಅವಳು ತನ್ನ ಕಾಲೇಜಿನ ಮನೋವೈದ್ಯ ವಿಭಾಗಕ್ಕೆ ಹೋದಳು ಅನ್ನಿ. ಮೊದಲು ಓಪಿಡಿ, ಅಂದರೆ ಹೊರರೋಗಿ ವಿಭಾಗದ ಚೀಟಿ ಮಾಡಿಸಬೇಕು, ಅದರಲ್ಲಿ ಹೆಸರು ಬರೆಯುತ್ತಾರೆ. ಹೊರಗಿನ ಬೆಂಚಿನಲ್ಲಿ ಕಾಯಬೇಕು. ಆ ವಿಭಾಗಕ್ಕೆ ತರಬೇತಿಯ ಪೋಸ್ಟಿಂಗ್ ಬಂದಿರುವ ಸೀನಿಯರ್‌ಗಳು ಅದೇ ಕಾರಿಡಾರಿನಲ್ಲಿ ಓಡಾಡುತ್ತಿರುತ್ತಾರೆ. ಒಳಗೆ ಕರೆದು ಕೇಸ್ ಶೀಟ್ ಬರೆಯುವ ಪೀಜಿ, ಅಂದರೆ ಸ್ನಾತಕೋತ್ತರ ವಿದ್ಯಾರ್ಥಿನಿ, ಅವಳ ಹಾಸ್ಟೆಲ್ಲಿನ ಮೇಲಿನ ಮಹಡಿಯಲ್ಲೇ ಇರುವ ಅಕ್ಕ. ಕೊನೆಗೆ ನೋಡುವ ಪ್ರೊಫೆಸರು ಮುಂದೆ ಅವಳಿಗೇ ಪಾಠ ಮಾಡುವವರು, ಇಂಟರ್ನಲ್ಸ್ ಅಂಕ ಹಾಕುವವರು, ವೈವಾದಲ್ಲಿ ಎದುರು ಕೂರುವವರು. ಔಷಧಾಲಯದಲ್ಲಿ ಚೀಟಿ ಕೊಟ್ಟಾಗ ಮಾತ್ರೆಯ ಹೆಸರು ನೋಡಿಯೇ ಪಕ್ಕದಲ್ಲಿ ನಿಂತವರಿಗೆ ಎಲ್ಲ ಅರ್ಥವಾಗುತ್ತದೆ, ಏಕೆಂದರೆ ಅಲ್ಲಿ ನಿಂತವರೂ ಅದನ್ನೇ ಓದಿದವರು.

ಬೇರೆ ಕಡೆ ಓದುವ ಮಕ್ಕಳಿಗೆ 'ನೋಡಿದವರು ಏನಂದಾರು' ಎಂಬ ಸಂಕೋಚ ಇರುತ್ತದೆ. ಇವರಿಗೆ ಅದರ ಜೊತೆಗೆ ಇನ್ನೊಂದು ಭಯವೂ ಸೇರುತ್ತದೆ. 'ಇವಳು ರೋಗಿಗಳನ್ನು ನೋಡಬಲ್ಲಳೇ?' ಎಂದು ಯಾರಾದರೂ ಕೇಳಿಬಿಟ್ಟರೆ? ಮುಂದೆ ಪೀಜಿ ಸೀಟಿಗೆ, ಕೆಲಸಕ್ಕೆ ಇದು ಅಡ್ಡ ಬಂದರೆ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿವರವನ್ನು ಗೋಪ್ಯವಾಗಿಡಿಸಿಕೊಳ್ಳುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಅದನ್ನು ನಾವು ಕಾಯ್ದೆಯ ಪಾಠದಲ್ಲಿ ಹೇಳಿಕೊಡುತ್ತೇವೆ ಕೂಡ. ಆದರೆ ಡ್ಯೂಟಿ ರೂಮಿನಲ್ಲಿ, 'ಅವಳು ಯಾಕೋ ಸೈಕಿಯಾಟ್ರಿ ಕಡೆಯಿಂದ ಬಂದಳಲ್ಲ' ಎಂಬ ಒಂದು ಮಾತು ಬಂದರೆ ಸಾಕು, ಆ ಹಕ್ಕು ಅವಳ ಪಾಲಿಗೆ ಇಲ್ಲವಾಗುತ್ತದೆ. ಹೀಗಿರುವಾಗ ಅವಳು ಹೋಗದೆ ಇರುವುದು ಅಜ್ಞಾನದಿಂದಲ್ಲ. ಅವಳು ಯೋಚಿಸಿಯೇ ಹೋಗುತ್ತಿಲ್ಲ. ಇದನ್ನು ಒಪ್ಪಿಕೊಳ್ಳದೆ ನಾವು ಎಷ್ಟು ಜಾಗೃತಿ ಶಿಬಿರ ಮಾಡಿದರೂ, ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದಂದು ಎಷ್ಟು ಭಿತ್ತಿಪತ್ರ ಅಂಟಿಸಿದರೂ ಅವಳ ಹೆಜ್ಜೆ ಆ ಕಡೆಗೆ ತಿರುಗದು.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿಗಳನ್ನು ಕೊಟ್ಟಿತು. ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ ಒಬ್ಬ ಹುಡುಗಿಯ ಸಾವಿನ ಪ್ರಕರಣದಲ್ಲಿ ಬಂದ ತೀರ್ಪು ಅದು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರು ಒಬ್ಬರಾದರೂ ಇರಲೇಬೇಕು ಎಂದು ಅದರಲ್ಲಿದೆ. ಬಹಳ ಒಳ್ಳೆಯದಾಯಿತು. ಆದರೆ ನೇಮಕದ ಆದೇಶ ಹೊರಟ ಮೇಲೆ ಕೇಳಬೇಕಾದ ಪ್ರಶ್ನೆಗಳಿವೆ. ಆ ಸಮಾಲೋಚಕರ ಕೋಣೆ ಎಲ್ಲಿದೆ? ಪ್ರಾಂಶುಪಾಲರ ಕೋಣೆಯ ಪಕ್ಕದಲ್ಲಿದ್ದರೆ ಯಾರೂ ಬರುವುದಿಲ್ಲ. ಸಮಯ ಯಾವುದು? ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ವಿದ್ಯಾರ್ಥಿಗಳು ಪೋಸ್ಟಿಂಗ್‌ನಲ್ಲಿ, ತರಗತಿಯಲ್ಲಿ ಇರುತ್ತಾರೆ. ಬಂದರೆ ಅಟೆಂಡೆನ್ಸ್ ಹೋಗುತ್ತದೆ, ಎಲ್ಲಿಗೆ ಹೋಗಿದ್ದೆ ಎಂದು ಹೇಳಬೇಕಾಗುತ್ತದೆ. ಸಂಜೆ ಆರರ ನಂತರ ಕೂರುವ, ಪರೀಕ್ಷೆಗೂ ಅಂಕಕ್ಕೂ ಯಾವ ಸಂಬಂಧವೂ ಇಲ್ಲದ, ಸಾಧ್ಯವಾದರೆ ಕಾಲೇಜಿನ ಹೊರಗಿನಿಂದ ಬರುವ ಒಬ್ಬರು ಬೇಕು. ಒಂದೇ ಊರಿನಲ್ಲಿ ಎರಡು ಕಾಲೇಜುಗಳಿದ್ದರೆ ಒಬ್ಬರ ವಿದ್ಯಾರ್ಥಿಗಳನ್ನು ಇನ್ನೊಬ್ಬರ ಮನೋವೈದ್ಯರು ನೋಡುವ ಏರ್ಪಾಟು ಮಾಡಿಕೊಳ್ಳಬಹುದು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ದೊಡ್ಡ ಹಣವೂ ಬೇಕಿಲ್ಲ.

ಇನ್ನು ದುಡಿಮೆಯ ಅವಧಿ. ಸ್ನಾತಕೋತ್ತರ ವಿದ್ಯಾರ್ಥಿಗಳು ಒಂದೇ ಸಮನೆ 36 ಗಂಟೆ ಡ್ಯೂಟಿ ಮಾಡುವುದು ನಮ್ಮ ಆಸ್ಪತ್ರೆಗಳಲ್ಲಿ ಯಾರಿಗೂ ಅಚ್ಚರಿಯ ಸಂಗತಿಯಾಗಿ ಉಳಿದಿಲ್ಲ. ತರಬೇತಿಯಲ್ಲಿರುವ ವೈದ್ಯರಿಗಾಗಿ ಕೇಂದ್ರ ಸರ್ಕಾರ ತಂದ 1992ರ ರೆಸಿಡೆನ್ಸಿ ಯೋಜನೆ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ, ಕಿರಿಯ ವೈದ್ಯರಿಗೆ ವಾರಕ್ಕೆ 48 ಗಂಟೆ ಎಂದಿತ್ತು. ಮೂವತ್ತು ವರ್ಷ ಕಳೆದ ಮೇಲೆ ಬಂದ 2024ರ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದು, ವಾರದಲ್ಲಿ ಒಂದು ದಿನ ರಜೆ ಇರಬೇಕು, ದಿನಕ್ಕೆ ಏಳೆಂಟು ಗಂಟೆ ನಿದ್ದೆ ಸಿಗಬೇಕು ಎಂದು ಶಿಫಾರಸು ಮಾಡಿತು. 74 ಎಂದರೂ ಆರು ದಿನ, ದಿನಕ್ಕೆ 12 ಗಂಟೆಗೂ ಮೀರಿದ ದುಡಿತ. ಅಷ್ಟಕ್ಕೆ ಇಳಿದರೂ ಸಾಕು ಎಂದು ಮಕ್ಕಳು ಹೇಳುತ್ತಾರೆಂದರೆ ಈಗಿನ ಸ್ಥಿತಿ ಏನೆಂದು ನೀವೇ ಲೆಕ್ಕ ಹಾಕಿ. ನಿದ್ದೆಯಿಲ್ಲದ ಮೆದುಳು ಸಣ್ಣ ತಪ್ಪನ್ನು ದೊಡ್ಡ ಅಪರಾಧದಂತೆ ಕಾಣುತ್ತದೆ, ಒಂದು ಗದರಿಕೆಯನ್ನು ಬದುಕಿನ ತೀರ್ಪಿನಂತೆ ಕೇಳುತ್ತದೆ. ಅಂಥವರನ್ನು ಕರೆದು, ಇದ್ದ ಒಂದು ಬಿಡುವಿನ ಗಂಟೆಯಲ್ಲಿ ಒತ್ತಡ ನಿರ್ವಹಣೆಯ ಉಪನ್ಯಾಸ ಕೊಡುವ ಬದಲು ಮಲಗಲು ಬಿಡುವುದು ಮೇಲು. ಡ್ಯೂಟಿ ಪಟ್ಟಿ ಬರೆಯುವ ಪೆನ್ನು ಯಾರ ಕೈಯಲ್ಲಿದೆಯೋ ಅವರು ಈ ವಿಷಯದಲ್ಲಿ ಆಪ್ತಸಮಾಲೋಚಕರಿಗಿಂತ ಹೆಚ್ಚು ಮಾಡಬಲ್ಲರು.

ನರ್ಸಿಂಗ್ ಓದುವ ಮಕ್ಕಳ ಹೆಸರು ಈ ಚರ್ಚೆಗಳಲ್ಲಿ ಬರುವುದೇ ಕಡಿಮೆ. ಬೆಂಗಳೂರು, ಮಂಗಳೂರಿನ ನರ್ಸಿಂಗ್ ಕಾಲೇಜುಗಳಿಗೆ ನಮ್ಮ ಉತ್ತರದ ಜಿಲ್ಲೆಗಳಿಂದ, ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಹುಡುಗಿಯರು ಬರುತ್ತಾರೆ. ಹದಿನೆಂಟು ಹತ್ತೊಂಬತ್ತು ವಯಸ್ಸಿಗೇ ವಾರ್ಡಿಗೆ ಇಳಿಯುತ್ತಾರೆ. ಒಬ್ಬ ಅಜ್ಜನಿಗೆ ವಾರವಿಡೀ ಜ್ವರ ನೋಡಿ, ಬಿಪಿ ನೋಡಿ, 'ಮಗಳೇ' ಎಂದು ಕರೆಸಿಕೊಂಡಿರುತ್ತಾರೆ. ಒಂದು ಬೆಳಿಗ್ಗೆ ಬಂದರೆ ಆ ಹಾಸಿಗೆಗೆ ಹೊಸ ಬೆಡ್‌ಶೀಟ್ ಹಾಕಿ ಬೇರೆ ರೋಗಿಯನ್ನು ಮಲಗಿಸಿರುತ್ತಾರೆ. ಬದುಕಿನಲ್ಲಿ ಕಂಡ ಮೊದಲ ಸಾವು ಅದು. ಅದರ ಬಗ್ಗೆ ಅವಳೊಂದಿಗೆ ಯಾರೂ ಒಂದು ಮಾತೂ ಆಡುವುದಿಲ್ಲ. ಅತ್ತರೆ 'ಇಷ್ಟಕ್ಕೆಲ್ಲ ಅತ್ತರೆ ನರ್ಸ್ ಹೇಗಾಗ್ತೀಯಾ' ಎನ್ನುತ್ತಾರೆ. ವಾರ್ಡಿನ ಹಿರಿಯ ಸಿಸ್ಟರ್ ಐದು ನಿಮಿಷ ಪಕ್ಕಕ್ಕೆ ಕರೆದು, 'ಮೊದಲ ಸಲ ನನಗೂ ಹೀಗೇ ಆಗಿತ್ತಮ್ಮ, ಕೂತ್ಕೋ, ಕಾಫಿ ಕುಡಿ' ಎಂದರೆ ಸಾಕು. ಸಾವಿನ ನಂತರ ಆ ಪಾಳಿಯವರೆಲ್ಲ ಐದು ನಿಮಿಷ ಕೂತು ಮಾತಾಡುವುದನ್ನು ಪ್ರತಿ ಬೋಧನಾ ಆಸ್ಪತ್ರೆಯೂ ಪದ್ಧತಿ ಮಾಡಿಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ತಂದೆ ತಾಯಂದಿರೇ, ನಿಮ್ಮೊಂದಿಗೂ ಒಂದು ಮಾತು. ಊರಿಗೇ ಮೊದಲನೆಯವನಾಗಿ ಬಂದ ಮಗ, ಎಲ್ಲರೂ ತಮ್ಮ ತಮ್ಮ ಊರಿಗೆ ಮೊದಲಿಗರಾಗಿರುವ ತರಗತಿಯಲ್ಲಿ ಕೂರುತ್ತಾನೆ. ಕನ್ನಡ ಮಾಧ್ಯಮದಲ್ಲಿ ಓದಿದವನಾದರೆ ಅನಾಟಮಿ ಪುಸ್ತಕದ ಪ್ರತಿ ಪುಟವೂ ಎರಡು ಸಲ ಓದಬೇಕು, ಒಮ್ಮೆ ಭಾಷೆಗೆ, ಒಮ್ಮೆ ವಿಷಯಕ್ಕೆ. ಮೊದಲ ಇಂಟರ್ನಲ್ಸ್‌ನಲ್ಲಿ ಫೇಲಾಗುವುದು ಅಲ್ಲಿ ಅಪರೂಪವಲ್ಲ. ಅವನಿಗೆ ಮಾತ್ರ ಅದು ಜೀವನದ ಮೊದಲ ಫೇಲು, ಮತ್ತು ಅವನ ಕಣ್ಣ ಮುಂದೆ ನೀವು ಅಡವಿಟ್ಟ ಹೊಲ ಇರುತ್ತದೆ. ಫೋನ್ ಮಾಡಿದಾಗ 'ಓದ್ತಾ ಇದ್ದೀಯಾ?' ಎಂದು ಕೇಳಬೇಡಿ. 'ನಿನ್ನೆ ರಾತ್ರಿ ನಿದ್ದೆ ಬಂತಾ? ಊಟಕ್ಕೆ ಯಾರ ಜೊತೆ ಕೂತಿದ್ದೆ?' ಎಂದು ಕೇಳಿ. ಒಂದು ವರ್ಷ ತಡವಾದರೂ ಪರವಾಗಿಲ್ಲ ಎಂದು ಬಾಯಿಬಿಟ್ಟು ಹೇಳಿ. ಅದು ಅವನಿಗೆ ತಾನಾಗಿ ಅರ್ಥವಾಗುವುದಿಲ್ಲ.

ರೂಮ್‌ಮೇಟ್‌ಗಳಾಗಿರುವ ಯುವಕ ಯುವತಿಯರೇ, ಮೊದಲು ಕಾಣುವುದು ನಿಮಗೇ. ಮೆಸ್ಸಿಗೆ ಬರುವುದು ನಿಂತಿದೆಯೇ? ಬಟ್ಟೆ, ಸ್ನಾನದ ಕಡೆ ಗಮನವಿಲ್ಲವೇ? 'ನಾನಿಲ್ಲದಿದ್ದರೇ ಮನೆಯವರಿಗೆ ಹಗುರ' ಎಂಬಂಥ ಮಾತು ಬಂತೇ? ಪಕ್ಕದಲ್ಲಿ ಕೂತು ನೇರವಾಗಿ ಕೇಳಿ, 'ಸಾಯಬೇಕು ಅನ್ನಿಸ್ತಾ ಇದೆಯಾ?' ಎಂದು. ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬ ಭಯ ಬೇಡ. ಕೇಳಿಸಿಕೊಂಡವರಿಗೆ ಎದೆಯ ಭಾರ ಇಳಿಸಲು ದಾರಿಯಾಗುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ. ಗುಟ್ಟಾಗಿಡುತ್ತೇನೆ ಎಂದು ಮಾತು ಕೊಡಬೇಡಿ. ನಂಬುವ ಹಿರಿಯರೊಬ್ಬರನ್ನು ಕರೆಯಿರಿ, ಹೊತ್ತು ಮೀರಿದ್ದರೆ ನೇರವಾಗಿ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಪೊಲೀಸ್ ಕೇಸು ಆಗುತ್ತದೆ ಎಂಬ ಅಂಜಿಕೆ ಇನ್ನೂ ಅನೇಕರಲ್ಲಿದೆ. 2017ರ ಕಾಯ್ದೆಯೇ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದು ಭಾವಿಸಿ, ಅವರಿಗೆ ಶಿಕ್ಷೆಯ ಬದಲು ಆರೈಕೆ ಕೊಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ.

ವೈದ್ಯರ ಪ್ರಮಾಣವಚನವಾದ ಜಿನೀವಾ ಘೋಷಣೆಗೆ ವಿಶ್ವ ವೈದ್ಯಕೀಯ ಸಂಘ 2017ರಲ್ಲಿ ಒಂದು ಸಾಲು ಸೇರಿಸಿತು. ಉತ್ತಮ ಚಿಕಿತ್ಸೆ ನೀಡುವ ಸಲುವಾಗಿ ವೈದ್ಯರು ತಮ್ಮ ಆರೋಗ್ಯವನ್ನೂ ಕ್ಷೇಮವನ್ನೂ ನೋಡಿಕೊಳ್ಳಬೇಕು ಎಂಬುದು ಅದರ ಸಾರ. ಪದವಿ ಪ್ರದಾನದ ದಿನದವರೆಗೆ ಕಾಯದೆ ಈ ಸಾಲನ್ನು ಮೊದಲ ವರ್ಷದ ಮೊದಲ ವಾರದಲ್ಲೇ ಹೇಳಿಕೊಡೋಣ.

ಕಾಲೇಜುಗಳು ಬದಲಾಗುವವರೆಗೆ ಕಾಯಲು ಆಗದ ವಿದ್ಯಾರ್ಥಿಯೊಬ್ಬರು ಈಗ ಈ ಮಾತು ಕೇಳುತ್ತಿರಬಹುದು. ನಿಮಗಾಗಿ ಟೆಲಿ ಮಾನಸ್ ಎಂಬ ದೂರವಾಣಿ ಸಹಾಯವಾಣಿ ಇದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಈ ಸೇವೆಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. ಹಗಲೂ ರಾತ್ರಿಯೂ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಫೋನ್ ಎತ್ತುವವರು ನಿಮ್ಮ ಸೀನಿಯರ್ ಅಲ್ಲ, ನಿಮ್ಮ ಪರೀಕ್ಷಕರಲ್ಲ, ನಿಮ್ಮ ಅಟೆಂಡೆನ್ಸ್ ಪುಸ್ತಕ ಅವರ ಬಳಿ ಇಲ್ಲ. ರೂಮ್‌ಮೇಟ್ ಕೂಡ ಕರೆ ಮಾಡಬಹುದು, ಅಪ್ಪ ಅಮ್ಮನೂ ಮಾಡಬಹುದು. ಸಂಖ್ಯೆ ಬರೆದುಕೊಳ್ಳಿ: 14416. ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ: ಒಂದು, ನಾಲ್ಕು, ನಾಲ್ಕು, ಒಂದು, ಆರು.

ನಮಸ್ಕಾರ.